ಎಂ.ಎಚ್. ಪಾಸಿಂಗ್

ಬಿಜಾಪುರದಿಂದ ನಾಸಿಕಕ್ಕೆ ಹೋಗುವಾಗ ನಮ್ಮ ಸಾಮಾನಿನ ಲಾರಿಯಲ್ಲಿ ಒಂದು ಹಳೆಯ ಸ್ಕೂಟರೂ ಬಂತು. ವರ್ಗವಾದದ್ದು ನನಗೆ. ಬ್ಯಾಂಕಿನಲ್ಲಿ ಬಡ್ತಿಗೆ ಹೂಂ ಅಂದ ತಪ್ಪಿಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಊರು ಬಿಟ್ಟೆ. ನನ್ನವರು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿದ್ದರು, ಅವರಿವರ ಕೈಕಾಲು ಹಿಡಿದು ತಾವೂ ಅಲ್ಲಿಗೇ ಹಾಕಿಸಿಕೊಂಡರು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಹದಿಮೂರರವಳು, ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದಳು.

ಸ್ಕೂಟರಿನ ನಂಬರ್ ಕೆ.ಎ. ಎಂದು ಶುರುವಾಗುತ್ತಿತ್ತು. ನಾಸಿಕದ ಸರ್ಕಲ್ಲುಗಳಲ್ಲಿ ಅದನ್ನು ನೋಡಿದ ಪೊಲೀಸರೆಲ್ಲ ಅಡ್ಡಹಾಕಿ ಕಾಗದ ಕೇಳುವವರೇ. ಬೇರೆ ರಾಜ್ಯದ ಗಾಡಿಯನ್ನು ಮಹಾರಾಷ್ಟ್ರದ ನಂಬರಿಗೆ ಬದಲಿಸಿಕೊಳ್ಳುವುದಕ್ಕೆ ಅಲ್ಲಿ ಎಂ.ಎಚ್. ಪಾಸಿಂಗ್ ಎನ್ನುತ್ತಾರೆ. ಅದಕ್ಕಾಗಿ ನನ್ನವರು ಎರಡು ಊರಿನ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿಕೊಂಡರು. ನಾಲ್ಕೈದು ತಿಂಗಳು ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು, ಎದ್ದರೂ ಅದೇ ಮಾತು.

ಈ ಸ್ಕೂಟರಿನ ಕತೆ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಹೃದಯ ಕೆಟ್ಟಿದ್ದರಲ್ಲಿ ಅದರದೂ ಒಂದು ಪಾಲಿದೆ. ಇನ್ನೊಂದು ಪಾಲು ‘ಪಾಳಿ’ ಎಂಬ ಶಬ್ದದ್ದು. ಉಳಿದದ್ದು ನನ್ನದು. ಮೂರರ ಮೇಲೂ ನನಗಿನ್ನೂ ಸಿಟ್ಟಿದೆ.

ಪಾಳಿ ಎಂದರೆ ನಮ್ಮ ಕಡೆ ಸರದಿ. ಹಿಟ್ಟಿನ ಗಿರಣಿಯಲ್ಲಿ ಪಾಳಿ, ನಳದ ಮುಂದೆ ಪಾಳಿ, ಬ್ಯಾಂಕಿನಲ್ಲಿ ಪಾಳಿ. ಬಿಜಾಪುರದ ಶಾಖೆಯಲ್ಲಿ ‘ಪಾಳಿ ಹಚ್ರಿ, ಪಾಳಿ ಹಚ್ರಿ’ ಎಂದು ಕೂಗಿ ಕೂಗಿ ನನ್ನ ಗಂಟಲು ಹೋಗಿತ್ತು. ನಾಸಿಕದ ಕೌಂಟರಿನಲ್ಲಿ ಮೊದಲ ವಾರವೇ ಒಬ್ಬ ಮುದುಕರು ‘ಮಾಝೀ ಪಾಳೀ ಆಹೇ’ ಎಂದು ಮುಂದಿನವನ ಜೊತೆ ಜಗಳಕ್ಕೆ ನಿಂತಾಗ ನನಗೆ ಒಳಗೊಳಗೇ ಖುಷಿ. ಇಷ್ಟೇನಾ ಮರಾಠಿ, ಅರ್ಧ ನಮ್ಮದೇ ಶಬ್ದಗಳಲ್ಲ! ಆರು ತಿಂಗಳಲ್ಲಿ ಕಲಿತು ಬಿಸಾಕುತ್ತೇನೆ ಎಂದು ಮನೆಯಲ್ಲಿ ಕೊಚ್ಚಿಕೊಂಡೆ. ಅಲ್ಪವಿದ್ಯಾ ಮಹಾಗರ್ವಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬಿಜಾಪುರ ಬಿಡುವ ಹೊತ್ತಿಗೆ ನನ್ನ ಮುಟ್ಟು ನಿಂತು ಒಂದೂವರೆ ವರ್ಷವಾಗಿತ್ತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮುಟ್ಟು ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡುತ್ತಿರಲಿಲ್ಲ. ‘ಹೊರಗ’ ಎನ್ನುತ್ತಿದ್ದೆವು. ‘ನಾ ಹೊರಗ ಅದೀನಿ’ ಎಂದರೆ ಮೂರು ದಿನ ದೇವರ ಮುಂದೆ ದೀಪ ಹಚ್ಚುವ ಕೆಲಸ ನನ್ನವರದು. ದೂರ ಕೂಡುವುದು ನಮ್ಮತ್ತೆಯ ಕಾಲಕ್ಕೇ ಮುಗಿಯಿತು, ಶಬ್ದ ಮಾತ್ರ ಉಳಿದುಕೊಂಡಿತು. ಅದೇ ನಿಂತುಹೋದಾಗ ಹೇಳುವುದಕ್ಕೆ ನಮ್ಮಲ್ಲಿ ಶಬ್ದವೇ ಇರಲಿಲ್ಲ. ‘ಇನ್ನ ಮ್ಯಾಲೆ ನಾ ಒಳಗss’ ಎಂದು ಹೇಳಬೇಕಿತ್ತೇ? ಹೇಳಲಿಲ್ಲ. ದೀಪ ಹಚ್ಚುವ ಪಾಳಿ ತಮಗೆ ಬರುತ್ತಿಲ್ಲವಲ್ಲ ಎಂದು ಅವರೂ ಕೇಳಲಿಲ್ಲ.

ನಾಸಿಕಕ್ಕೆ ಹೋದ ನಾಲ್ಕನೆಯ ತಿಂಗಳು ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಯಿತು. ಹಳೆಯ ಕಾಗದಗಳ ಕೋಣೆ ಮೇಲಿನ ಮಹಡಿಯಲ್ಲಿತ್ತು, ದಿನಕ್ಕೆ ನಾಲ್ಕು ಸಲ ಹತ್ತಬೇಕು. ಅರ್ಧಕ್ಕೆ ಬಂದರೆ ದವಡೆಯ ಕೆಳಗೆ ಜಗ್ಗಿದಂತೆ ನೋವು. ನಿಂತರೆ ಹೋಗುತ್ತಿತ್ತು. ಹಲ್ಲಿನ ನೋವೋ ಎಂದುಕೊಂಡು ಲವಂಗ ಕಡಿದೆ. ಫ್ಯಾನಿನ ಕೆಳಗೆ ಕೂತಲ್ಲೇ ಕುತ್ತಿಗೆಯಿಂದ ಬೆವರು ಇಳಿಯುವುದಂತೂ ನಿತ್ಯದ್ದಾಗಿತ್ತು. ಕಡೆಗೆ ಒಂದು ಸಂಜೆ, ನಮ್ಮ ಬೀದಿಯ ತುದಿಯಲ್ಲಿದ್ದ ವೈದ್ಯರ ಹತ್ತಿರ ಹೋದೆ. ನನ್ನವರು ಪಾಸಿಂಗಿನ ಕೆಲಸಕ್ಕೆ ಯಾರನ್ನೋ ಕಾಣಲು ಹೋಗಿದ್ದರು, ಜೊತೆಗೆ ಬಂದವಳು ಮಗಳು.

ಒಂದೂವರೆ ತಾಸು ಕೂತ ಮೇಲೆ ಬಾಗಿಲಲ್ಲಿದ್ದ ಹೆಂಗಸು ನನ್ನ ಕಡೆ ತಿರುಗಿ, ‘ತಾಯೀ, ತುಮ್ಚೀ ಪಾಳೀ’ ಎಂದಳು. ಮಗಳೂ ಎದ್ದಳು. ಎದೆ, ಬೆವರು, ಹೆಂಗಸರ ತ್ರಾಸು, ಇದನ್ನೆಲ್ಲ ಈ ಕೂಸಿನ ಮುಂದೆ ಹೇಗೆ ಹೇಳುವುದು?

‘ನೀ ಹೊರಗ ಕೂಡು’ ಎಂದೆ.

ವೈದ್ಯರು ವಯಸ್ಸಾದವರು, ಮೆಲುದನಿಯವರು. ತಲೆ ತಗ್ಗಿಸಿ ಬರೆಯುತ್ತಲೇ ಕೇಳುತ್ತಿದ್ದರು. ವಯಸ್ಸು ಕೇಳಿದರು, ಹೇಳಿದೆ. ಸಕ್ಕರೆ ಕಾಯಿಲೆ ಕೇಳಿದರು, ಇಲ್ಲವೆಂದೆ. ಆಮೇಲೆ ‘ಪಾಳೀ ಆಲೀ ಕಾ?’ ಎಂದರು.

‘ಹೋ, ಆತ್ತಾಚ್ ಆಲೀ’ ಎಂದೆ. ಹೌದು, ಈಗಷ್ಟೇ ಬಂತು.

‘ಕಾಹೀ ತ್ರಾಸ್?’

ಒಂದೂವರೆ ತಾಸು ಕಾದದ್ದನ್ನು ದೊಡ್ಡದು ಮಾಡುವುದು ಬೇಡವೆನಿಸಿ, ‘ಕಾಹೀ ನಾಹೀ’, ಏನೂ ಇಲ್ಲ ಎಂದೆ. ಅವರು ಬರೆದುಕೊಂಡರು. ನನಗೆ ಅವರ ಮೇಲೆ ಎಷ್ಟು ಗೌರವ ಬಂತು! ರೋಗಿಗೆ ಸರದಿ ಸರಿಯಾಗಿ ಸಿಕ್ಕಿತೋ, ನಡುವೆ ಯಾರಾದರೂ ನುಗ್ಗಿದರೋ ಎಂದು ವಿಚಾರಿಸುವ ವೈದ್ಯರನ್ನು ಬಿಜಾಪುರದಲ್ಲಿ ನಾನು ಕಂಡಿರಲಿಲ್ಲ. ಮನೆಗೆ ಬಂದು ಇದನ್ನೇ ಹೊಗಳಿದೆ. ಅವರು ಕೊಟ್ಟದ್ದು ಪಿತ್ತದ ಗುಳಿಗೆ.

ಅಂದು ರಾತ್ರಿ ಊಟಕ್ಕೆ ಮುಂಚೆ ನನ್ನವರು ಆ ಚೀಟಿ ತಿರುವಿ ನೋಡಿದರು. ವೈದ್ಯರ ಅಕ್ಷರ, ಕೋಳಿ ಕೆದರಿದ ಹಾಗೆ. ಓದಲು ಬಂದದ್ದು ಒಂದೇ ಸಾಲು: ‘ಎಂ.ಎಚ್. ರೆಗ್.’ ಅದರ ಪಕ್ಕದಲ್ಲೇ ನನ್ನ ಫೈಲಿನ ನಂಬರಿತ್ತು.

‘ನೋಡಿದೇನ, ನಮ್ಮ ಗಾಡೀಗಿಂತ ಮೊದಲ ನಿನ್ನ ಎಂ.ಎಚ್. ಪಾಸಿಂಗ್ ಆತು’ ಎಂದು ನಕ್ಕರು. ಮಹಾರಾಷ್ಟ್ರ ರಜಿಸ್ಟ್ರೇಶನ್. ನಾನೂ ನಕ್ಕೆ. ಇದರಲ್ಲಿ ಅನುಮಾನ ಪಡುವಂಥದ್ದು ಏನಿತ್ತು? ಮನೆಯಲ್ಲಿ ಆಗ ಎಂ.ಎಚ್. ಎಂದರೆ ಅದೊಂದೇ ಅರ್ಥ.

ಆಮೇಲಿನ ಮೂರು ವರ್ಷವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಹೋದಾಗಲೆಲ್ಲ ವೈದ್ಯರು ಫೈಲಿನ ಮೊದಲ ಹಾಳೆ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು, ಹೃದಯದ ಚಿಂತೆ ಬೇಡ ಎನ್ನುತ್ತಿದ್ದರು. ಪಿತ್ತ ಅಂದರು. ಟೆನ್ಶನ್ ಅಂದರು. ಹವಾ ಬದಲಾಗಿದೆ ಅಂದರು. ಒಮ್ಮೆ, ಬ್ಯಾಂಕಿನ ಹೆಂಗಸರು ಕೂತೇ ಇರುತ್ತೀರಿ, ವಾಕಿಂಗ್ ಮಾಡಿ ಅಂದರು. ನಡೆದರೆ ಉಸಿರು ಹತ್ತುತ್ತದೆ ಎಂದು ಹೇಳಲು ಬಂದವಳಿಗೆ ನಡೆಯಿರಿ ಎಂದರೆ ಏನು ಮಾಡುವುದು?

ಎರಡನೆಯ ವರ್ಷ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿದರು. ಟ್ರೈಗ್ಲಿಸರೈಡ್ ಎಂಬ ಸಾಲಿನ ಮುಂದೆ ದಪ್ಪ ಅಕ್ಷರದಲ್ಲಿ ಹೆಚ್ಚು ಎಂದಿತ್ತು, ಒಳ್ಳೆಯ ಕೊಬ್ಬು ಎನ್ನುವುದರ ಮುಂದೆ ಕಡಿಮೆ ಎಂದಿತ್ತು. ವೈದ್ಯರು ನೋಡಿ ನಕ್ಕರು. ನಿನ್ನೆ ಚತುರ್ಥಿ, ಉಪವಾಸವೆಂದು ಸಾಬೂದಾಣಿ ಖಿಚಡಿ ಹೊಡೆದು ಬಂದಿದ್ದೀರಿ ಅಲ್ಲವೇ ಎಂದರು. ನಾನು ಚತುರ್ಥಿ ಹಿಡಿಯುವವಳಲ್ಲ. ಹಿಂದಿನ ರಾತ್ರಿ ಒಂದು ಭಕ್ಕರಿ, ಮೊಸರು ತಿಂದು, ಬೆಳಿಗ್ಗೆ ನೀರಷ್ಟೇ ಕುಡಿದು ಹೋಗಿದ್ದೆ. ಹೇಳಿದೆ. ಎಲ್ಲ ಹೆಂಗಸರೂ ಹೀಗೇ ಹೇಳುತ್ತಾರೆ ಎಂಬಂತೆ ತಲೆಯಾಡಿಸಿದರು. ಮನೆಗೆ ಬಂದು ತುಪ್ಪ ಬಿಟ್ಟೆ, ಶೇಂಗಾ ಹಿಂಡಿ ಬಿಟ್ಟೆ, ಒಗ್ಗರಣೆ ಬಿಟ್ಟೆ. ಅಡಿಗೆ ಸಪ್ಪಗಾಯಿತು, ಮನೆಯವರ ಮುಖವೂ ಸಪ್ಪಗಾಯಿತು, ಏದುಸಿರು ಮಾತ್ರ ಹಾಗೇ ಇತ್ತು.

ಅದೇ ವರ್ಷ ನನ್ನವರು ಒಂದು ಭಾನುವಾರ ಎರಡು ಪ್ಲೇಟು ಮಿಸಳ್ ತಿಂದು ಬಂದು, ಎದೆ ಹಿಡಿದುಕೊಂಡಿದೆ ಎಂದರು. ಅದೇ ವೈದ್ಯರು. ಐವತ್ತು ದಾಟಿದ ಗಂಡಸು ಎಂದು ಎದ್ದು ನಿಂತು ನೋಡಿದರು. ಅಂದೇ ಇಸಿಜಿ, ಮರುದಿನ ಓಡುವ ಪಟ್ಟಿಯ ಮೇಲೆ ಪರೀಕ್ಷೆ. ಕಡೆಗೆ ಒಂದು ದೊಡ್ಡ ತೇಗು ಬಂತು, ಎಲ್ಲ ಸರಿಹೋಯಿತು. ಅವರ ಗ್ಯಾಸನ್ನು ಹೃದಯವೆಂದರು, ನನ್ನ ಹೃದಯವನ್ನು ಗ್ಯಾಸೆಂದರು. ನನ್ನ ಸಿಟ್ಟನ್ನು ನಾನು ಅಂದು ಪಾತ್ರೆಗಳ ಮೇಲೆ ತೀರಿಸಿಕೊಂಡೆ, ವೈದ್ಯರಿಗೆ ಒಂದು ಮಾತೂ ಹೇಳಲಿಲ್ಲ. ಆ ಇಸಿಜಿ ನನಗೂ ಮಾಡಿರಿ ಎಂದು ಕೇಳಲು ಬಾಯಿಗೆ ಏನು ಬಡಿದಿತ್ತೋ.

ಅತಿ ಹೆಚ್ಚಿನ ಸಿಟ್ಟು ಬರುವುದು ಇನ್ನೊಂದು ಸಂಗತಿಗೆ. ಪಾಳಿಯ ಇನ್ನೊಂದು ಅರ್ಥ ನನಗೆ ಆ ವರ್ಷವೇ ತಿಳಿದಿತ್ತು. ಬ್ಯಾಂಕಿನಲ್ಲಿ ಸತ್ಯನಾರಾಯಣ ಪೂಜೆಯ ದಿನ ಪಕ್ಕದ ಕೌಂಟರಿನ ಹುಡುಗಿ ಪ್ರಸಾದದ ತಟ್ಟೆಯನ್ನು ನನ್ನ ಕಡೆ ತಳ್ಳಿ, ಕಿವಿಯಲ್ಲಿ ‘ಮಲಾ ಪಾಳೀ ಆಲೀ ಆಹೇ’ ಎಂದಳು. ಯಾವ ಪಾಳಿ, ಪ್ರಸಾದ ಹಂಚುವ ಪಾಳಿಯೇ ಎಂದು ನಾನು ಕೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮರಾಠಿಯಲ್ಲಿ ಮುಟ್ಟಿಗೂ ಪಾಳಿ ಎನ್ನುತ್ತಾರಂತೆ. ನಾನೂ ನಕ್ಕೆ, ಎರಡು ದಿನ ನೆನೆಸಿಕೊಂಡು ನಕ್ಕೆ. ವೈದ್ಯರ ಮುಂದೆ ಆಡಿದ ಮಾತು ಮಾತ್ರ ನೆನಪಿಗೆ ಬರಲಿಲ್ಲ. ಇಷ್ಟು ಹತ್ತಿರ ಬಂದು ಕೈತಪ್ಪಿಹೋಯಿತು.

ಮೂರು ವರ್ಷ ತುಂಬಿದ ಮೇಲೆ ಔರಂಗಾಬಾದಿಗೆ ವರ್ಗವಾಯಿತು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ನಾವಿದ್ದಾಗ ಔರಂಗಾಬಾದೇ. ಮನೆ ಅಲ್ಲಿ, ನನ್ನ ಶಾಖೆ ವೈಜಾಪುರದಲ್ಲಿ, ದಿನವೂ ಕೆಂಪು ಬಸ್ಸು. ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೊಸ ವೈದ್ಯರಲ್ಲಿಗೆ ಹೋದೆ. ಅವರ ಕಂಪೌಂಡರ್ ಹಳೆಯ ಹಾಳೆಯಿಂದ ಹೊಸ ಹಾಳೆಗೆ ಎಲ್ಲವನ್ನೂ ಚೊಕ್ಕವಾಗಿ ಇಳಿಸಿಕೊಂಡ, ಎಂ.ಎಚ್. ರೆಗ್. ಸಹಿತ. ನನಗೆ ಆಗ ಐವತ್ತೆರಡು. ಆ ವಯಸ್ಸಿನ ಹೆಂಗಸಿನ ಬಗ್ಗೆ ಆ ಸಾಲನ್ನು ಬರೆಯುವಾಗ ಅವನ ಕೈ ತಡೆಯಲಿಲ್ಲ, ಓದುವಾಗ ವೈದ್ಯರ ಕಣ್ಣು ತಡೆಯಲಿಲ್ಲ. ಕುರಿ ಹಿಂದೆ ಕುರಿ. ಗುಳಿಗೆಯ ಹೆಸರು ಬದಲಾಯಿತು, ಪಿತ್ತ ಪಿತ್ತವಾಗಿಯೇ ಉಳಿಯಿತು.

ಮುಂದಿನ ವರ್ಷ ಒಂದು ಸೋಮವಾರ, ವೈಜಾಪುರದ ಬಸ್ ನಿಲ್ದಾಣದಲ್ಲಿ ಇಳಿಯುವಾಗಲೇ ದವಡೆ ಹಿಡಿಯಿತು. ಸಂತೆಯ ದಿನ, ರಸ್ತೆ ತುಂಬ ಈರುಳ್ಳಿಯ ಟ್ರ್ಯಾಕ್ಟರುಗಳು. ದಾಟುವಷ್ಟರಲ್ಲಿ ಎಡಗಡೆಯ ಬೆನ್ನಿನಲ್ಲಿ ಭಾರ, ಮೈಯೆಲ್ಲ ತಣ್ಣನೆಯ ಬೆವರು, ಹೊಟ್ಟೆ ತೊಳಸುತ್ತಿತ್ತು. ಚೀಲದಲ್ಲಿದ್ದ ಪಿತ್ತದ ಗುಳಿಗೆ ಚೀಪಿದೆ. ಕೌಂಟರಿನಲ್ಲಿ ಕೂತೆ. ಕೂತು, ಹನ್ನೆರಡೂವರೆಯವರೆಗೆ ಕೆಲಸ ಮಾಡಿದೆ. ಮೂರು ಗುಳಿಗೆ ತಿಂದೆ. ನಾಲ್ಕು ವರ್ಷ ಎಲ್ಲರೂ ನಿನಗೇನೂ ಆಗಿಲ್ಲ ಎಂದು ಹೇಳಿದರೆ, ಕಡೆಗೆ ಆಗುತ್ತಿರುವಾಗಲೂ ನಾವೇ ಅದನ್ನು ನಂಬುವುದಿಲ್ಲ. ಕೌಂಟರಿನಾಚೆ ನಿಂತಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿ ಮ್ಯಾನೇಜರರನ್ನು ಕರೆದಳು. ಅವರು ತಮ್ಮ ಕಾರಿನಲ್ಲೇ ಔರಂಗಾಬಾದಿನ ಆಸ್ಪತ್ರೆಗೆ ಮುಟ್ಟಿಸಿದರು.

ಹೃದಯಾಘಾತ. ಶುರುವಾಗಿ ಐದು ತಾಸಿನ ಮೇಲಾಗಿತ್ತು. ರಕ್ತನಾಳದಲ್ಲಿ ಒಂದು ಸ್ಟೆಂಟ್ ಹಾಕಿದರು.

ಮೂರನೆಯ ದಿನ ವಾರ್ಡಿನಲ್ಲಿ, ನನ್ನನ್ನು ನೋಡಿಕೊಳ್ಳುತ್ತಿದ್ದ ವೈದ್ಯೆ ಹಳೆಯ ಫೈಲು ಹಿಡಿದುಕೊಂಡು ಬಂದರು. ಸಣ್ಣ ವಯಸ್ಸಿನವರು. ಮಂಚದ ಒಂದು ಬದಿಗೆ ನನ್ನವರು, ಇನ್ನೊಂದು ಬದಿಗೆ ಮಗಳು. ಅವಳಿಗೆ ಹದಿನೇಳು. ಮರಾಠಿ ನೀರು ಕುಡಿದ ಹಾಗೆ, ಕನ್ನಡ ತಡೆದು ತಡೆದು.

‘ಕಾಕೂ, ನಿಮ್ಮ ಪಾಳಿ ಇನ್ನೂ ರೆಗ್ಯುಲರ್ ಇದೆಯೇ?’ ಎಂದು ವೈದ್ಯೆ ಮರಾಠಿಯಲ್ಲಿ ಕೇಳಿದರು.

ಈಗ ನನಗೆ ಅರ್ಥವಾಗುತ್ತಿತ್ತು. ಇಲ್ಲ, ನಿಂತು ಐದು ವರ್ಷದ ಮೇಲಾಯಿತು ಎಂದೆ. ನನ್ನವರು ತಟ್ಟನೆ ನನ್ನ ಕಡೆ ನೋಡಿದರು.

‘ಹಾಗಾದರೆ ಇದೇನು?’ ಎಂದು ಅವರು ಆ ಸಾಲನ್ನು ತೋರಿಸಿದರು.

ನನ್ನವರಿಗೆ ಉತ್ತರ ಗೊತ್ತಿತ್ತು. ತಮ್ಮ ಹರಕು ಮರಾಠಿಯಲ್ಲಿ, ‘ಮ್ಯಾಡಮ್, ತೇ ಮಹಾರಾಷ್ಟ್ರ ರಜಿಸ್ಟ್ರೇಶನ್’ ಎಂದು ತಿಳಿಸಿಕೊಟ್ಟರು.

ವೈದ್ಯೆ ಅವರನ್ನೇ ನೋಡಿದರು. ಮೊದಲು ತಿಳಿದದ್ದು ಮಗಳಿಗೆ.

‘ಪಪ್ಪಾ, ಎಂ.ಎಚ್. ಅಂದ್ರ ಮೆನ್ಸ್ಟ್ರುಯಲ್ ಹಿಸ್ಟರಿ ಅದ. ಪಾಳೀದು. ರೆಗ್ಯುಲರ್ ಅಂತ ಬರದಾರ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಮಮ್ಮೀ, ನೀ ಡಾಕ್ಟರ್‌ಗೆ ಏನ್ ಸಾಂಗಿದ್ದಿ?’ ಎಂದಳು.

ಏನು ಹೇಳಿದ್ದೆ? ಹೋ, ಆತ್ತಾಚ್ ಆಲೀ. ನಾಲ್ಕು ವರ್ಷದ ಹಿಂದಿನ ಆ ಸಂಜೆ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂದು ನಿಂತಿತು. ಸರದಿ ವಿಚಾರಿಸಿದ ಸಭ್ಯ ವೈದ್ಯರು. ಎಷ್ಟು ಹೊಗಳಿದ್ದೆ ಅವರನ್ನು.

ವೈದ್ಯೆ ಕುರ್ಚಿ ಎಳೆದುಕೊಂಡು ಕೂತು ತಿಳಿಸಿ ಹೇಳಿದರು. ನಾಲ್ಕು ವರ್ಷದಲ್ಲಿ ನನ್ನೆದುರು ಕೂತು ಮಾತಾಡಿದ ಮೊದಲ ವೈದ್ಯೆ. ಮುಟ್ಟು ನಡೆಯುವಷ್ಟು ಕಾಲ ಹೆಂಗಸಿನ ಮೈಯಲ್ಲಿ ತಯಾರಾಗುವ ಒಂದು ರಸ ರಕ್ತನಾಳಗಳನ್ನು ಒಂದಿಷ್ಟು ಕಾಯುತ್ತದಂತೆ. ಅದು ಕಡಿಮೆಯಾದಾಗ ರಕ್ತದಲ್ಲಿ ಓಡಾಡುವ ಕೊಬ್ಬಿನ ಆಮ್ಲಗಳನ್ನು ಮೈ ಮೊದಲಿನಂತೆ ಸಂಭಾಳಿಸುವುದಿಲ್ಲ. ಕೆಟ್ಟದ್ದು ಏರುತ್ತದೆ, ಒಳ್ಳೆಯದು ಇಳಿಯುತ್ತದೆ, ತಿನ್ನುವುದು ಅದೇ ಇದ್ದರೂ. ಹೆಂಗಸರಿಗೆ ಎದೆಯೇ ನೋಯಬೇಕೆಂದಿಲ್ಲ, ದವಡೆ, ಬೆನ್ನು, ಏದುಸಿರು, ಬೆವರು ಇಷ್ಟೇ ಇರಬಹುದು. ನನ್ನ ಆ ರಕ್ತಪರೀಕ್ಷೆಯ ಹಾಳೆ ಎಲ್ಲವನ್ನೂ ಅಂದೇ ಹೇಳುತ್ತಿತ್ತು. ಪಾಳಿ ನಿಂತಿದೆ ಎಂದು ಗೊತ್ತಿದ್ದರೆ ಯಾರೂ ಅದನ್ನು ಖಿಚಡಿಯ ತಲೆಗೆ ಕಟ್ಟುತ್ತಿರಲಿಲ್ಲ ಎಂದರು. ಪಾಳಿ ಇದ್ದರೂ ಆ ಹಾಳೆಯನ್ನು ಹಾಗೆ ಬಿಡಬಾರದಿತ್ತು ಎಂದೂ ಸೇರಿಸಿದರು.

ತಿನ್ನುವುದು ಏನೆಂದು ಮಗಳು ಕೇಳಿದಳು. ಎಣ್ಣೆಯನ್ನೆಲ್ಲ ಬಿಡುವುದಲ್ಲ, ಎಂಥ ಎಣ್ಣೆ ಎಂದು ನೋಡುವುದು, ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸುವುದು ಬಿಡಬೇಕು, ದಿನಾ ಒಂದು ಚಮಚ ಜವಸ್ ಪುಡಿ ತಿನ್ನಲಿ, ಅದರಲ್ಲಿ ಒಳ್ಳೆಯ ಕೊಬ್ಬಿನ ಆಮ್ಲವಿದೆ ಎಂದರು. ಜವಸ್ ಎಂದರೆ ಅಗಸಿ. ಬಿಜಾಪುರದಲ್ಲಿ ಭಕ್ಕರಿಯ ಜೊತೆ ಅಗಸಿ ಹಿಂಡಿ ಇಲ್ಲದ ದಿನವೇ ಇರಲಿಲ್ಲ. ಕೊಬ್ಬು ಬಿಡಿ ಎಂದರೆಂದು ಅದನ್ನೂ ಶೇಂಗಾ ಹಿಂಡಿಯ ಜೊತೆಗೇ ಬಿಟ್ಟಿದ್ದೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೆ.

ಹೋಗುವ ಮುಂಚೆ ವೈದ್ಯೆ ಇನ್ನೊಂದು ಮಾತು ಹೇಳಿದರು. ಹೃದಯದ ಒಂದು ಭಾಗದ ಸ್ನಾಯು ಸತ್ತಿದೆ, ಅದು ಮರಳಿ ಬರುವುದಿಲ್ಲ. ಇದ್ದುದರಲ್ಲಿ ಜೋಪಾನ ಮಾಡಿಕೊಂಡು ಬದುಕಬಹುದು.

ಅವರು ಹೋದ ಮೇಲೆ ನನ್ನವರು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು.

‘ನಂಗ ಗೊತ್ತss ಇರಲಿಲ್ಲ. ನೀ ಹೇಳಲೇ ಇಲ್ಲ’ ಎಂದರು ನನ್ನವರು.

‘ನೀವರೆ ಕೇಳಿದ್ರೇನು?’ ಎಂದೆ. ‘ಗಾಡೀ ಪಾಸಿಂಗಿನ ತಾರೀಖು ನಿಮಗ ಬಾಯಿಪಾಠ ಅದ. ಐದು ವರ್ಷ ಒಂದ ದಿನಾನೂ ನೀವು ದೀಪಾ ಹಚ್ಚಿಲ್ಲ. ಯಾಕ ಅಂತ ಒಮ್ಮೆರ ವಿಚಾರ ಮಾಡಿದ್ರೇನ್ರಿ?’

ಪಾಪ, ಅವರನ್ನು ಬೈದು ನನ್ನ ಸಿಟ್ಟು ತೀರುವಂಥದ್ದಾಗಿರಲಿಲ್ಲ. ಹದಿಮೂರರ ಹುಡುಗಿ ಶಾಲೆಯಲ್ಲಿ ಗೆಳತಿಯರಿಂದ ಕಲಿತ ಮೊದಲ ಹತ್ತು ಮರಾಠಿ ಶಬ್ದಗಳಲ್ಲಿ ಪಾಳಿ ಇದ್ದೇ ಇತ್ತಂತೆ. ಅವಳೇ ಹೇಳಿದಳು. ಅಂದು ಆ ಕೋಣೆಯಲ್ಲಿ ಅವಳಿದ್ದಿದ್ದರೆ, ನಾನು ಬಾಯಿ ಮುಚ್ಚುವ ಮೊದಲೇ ತಿದ್ದುತ್ತಿದ್ದಳು. ಅವಳನ್ನು ಬಾಗಿಲಾಚೆ ಕೂರಿಸಿದವರು ವೈದ್ಯರಲ್ಲ, ಅವಳಪ್ಪನೂ ಅಲ್ಲ.

ತಿಂಗಳ ನಂತರ ಮರುತಪಾಸಣೆಗೆ ಅದೇ ಆಸ್ಪತ್ರೆಗೆ ಮೂವರೂ ಹೋದೆವು. ಸ್ಕೂಟರನ್ನು ನೆರಳಿಗೆ ನಿಲ್ಲಿಸಲು ಜಾಗ ಹುಡುಕುತ್ತ ನನ್ನವರು ಹಿಂದೆ ಉಳಿದರು. ಒಂದು ತಾಸು ಕಾದ ಮೇಲೆ ಬಾಗಿಲಲ್ಲಿದ್ದ ನರ್ಸು ನನ್ನತ್ತ ಕೈಮಾಡಿ, ‘ಕಾಕೂ, ತುಮ್ಚೀ ಪಾಳೀ’ ಎಂದಳು. ಗೋಡೆ ಹಿಡಿದು ಎದ್ದೆ. ಮಗಳು ಎದ್ದವಳು, ನನ್ನ ಮುಖ ನೋಡಿ, ರೂಢಿಯಂತೆ ಫೈಲನ್ನು ನನ್ನ ಕೈಗೆ ಕೊಟ್ಟು ಮತ್ತೆ ಬೆಂಚಿನ ಮೇಲೆ ಕೂತಳು.

‘ಹೊರಗ ಕೂಡಬ್ಯಾಡ,’ ಎಂದೆ. ‘ಒಳಗ ಬಾ.’